ಬರಿತಲೆಯ ಪರಂಗಿ

ಆನೆ ಬರೆಯುವವನಿಗೆ ಒಂದು ಸುಖವಿದೆ. ಸೊಂಡಿಲು ಉದ್ದವಾಯಿತು, ಹೊಟ್ಟೆ ಜೋತುಬಿತ್ತು ಎಂದು ಯಾವ ಆನೆಯೂ ದೂರು ತರುವುದಿಲ್ಲ. ನಾನು ಟೇಕಾ, ಉದಯಪುರದ ಅರಮನೆಯ ಚಿತ್ರಶಾಲೆಯಲ್ಲಿ ನಲವತ್ತು ವರ್ಷ ಆನೆ ಬರೆದವನು. ಮುಖ ಬರೆಯುವವರ ಪಾಡೇ ಬೇರೆ. ಒಬ್ಬ ಠಾಕೂರನಿಗೆ ಗಲ್ಲದ ಕೆಳಗೆ ಚರ್ಮ ತೂಗುತ್ತಿರುತ್ತದೆ, ಬರೆದರೆ ಕೋಪ. ಇನ್ನೊಬ್ಬನಿಗೆ ಮೀಸೆ ಸಾಲದು, ಸೇರಿಸಿ ಬರೆಯದಿದ್ದರೆ ಕೋಪ. ನಮ್ಮ ಗೋಕಳ ಮುಖ ಬರೆಯುತ್ತಿದ್ದ. ಅವನಷ್ಟು ಚೆನ್ನಾಗಿ ಮುಖ ಬರೆದವನನ್ನು ನಾನು ಕಂಡಿಲ್ಲ. ಅದೇ ಅವನನ್ನು ಹಾಳು ಮಾಡಿತು.

ಗೋಕಳ ಕುಳ್ಳ. ಮೈಗೆ ಹೊಂದದ ದೊಡ್ಡ ಕಿವಿಗಳು. ಚಿಕ್ಕಂದಿನಲ್ಲಿ ಕೆಂಡ ಸಿಡಿದು ಎಡಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೀಟು. ಕುಂಚದ ಮೊನೆಯನ್ನು ತುಟಿಯಲ್ಲಿ ತಿದ್ದುವ ಚಾಳಿ ಇದ್ದುದರಿಂದ, ಆ ದಿನ ಯಾವ ಬಣ್ಣದ ಕೆಲಸ ನಡೆದಿದೆ ಎಂಬುದು ಅವನ ಕೆಳತುಟಿ ನೋಡಿದರೆ ಗೊತ್ತಾಗುತ್ತಿತ್ತು. ಹರತಾಳದ ಹಳದಿ ವಿಷ, ನೆಕ್ಕಬೇಡ ಎಂದು ಹೆಂಡತಿ ದಾಖೂ ದಿನಾ ಬಯ್ಯುತ್ತಿದ್ದಳು.

"ಸಾಯೋದಿದ್ರೆ ಹಿಟ್ಟು ಕಲಸೋಕೆ ಮುಂಚೆ ಹೇಳಿಬಿಡು. ಒಂದು ರೊಟ್ಟಿ ಆದ್ರೂ ಉಳಿಯುತ್ತೆ," ಎನ್ನುವಳು.

ಅವನ ತಂದೆ ತಾಯಿ ಒಂದೇ ಮಳೆಗಾಲದ ಜ್ವರದಲ್ಲಿ ಹೋದರು. ಆರು ವರ್ಷದ ಮಗುವನ್ನು ಮನೆಗೆ ಎತ್ತಿಕೊಂಡು ಹೋಗಿ ಸಾಕಿದವನು ಜೀವಾಜೀ, ನಮ್ಮ ಚಿತ್ರಶಾಲೆಯ ಹಿರಿಯ. 'ಜೀ' ಎಂಬುದು ಅವನ ಹೆಸರಿಗೆ ಅಂಟಿಕೊಂಡಿದೆ ಎಂದು ಹೇಳುತ್ತಿದ್ದೇನೆಯೇ ಹೊರತು ಗೌರವಕ್ಕಲ್ಲ. ಆದರೆ ನ್ಯಾಯವಾಗಿ ಹೇಳಬೇಕು: ಅಳಿಲಿನ ಬಾಲದ ಕೂದಲು ಕಟ್ಟಿ ಗೋಕಳನಿಗೆ ಮೊದಲ ಕುಂಚ ಮಾಡಿಕೊಟ್ಟವನು ಅವನೇ, ಮದುವೆ ಮಾಡಿಸಿದವನೂ ಅವನೇ. ಗೋಕಳ ಅವನನ್ನು ಕಾಕಾ ಎಂದು ಕರೆಯುತ್ತಿದ್ದ. ಕಾಕಾ ಹಗಲನ್ನು ರಾತ್ರಿ ಎಂದರೆ ಗೋಕಳ ದೀಪ ಹಚ್ಚುತ್ತಿದ್ದ.

ಪರಂಗಿಯವರ ಚಿತ್ರದ ವಿಚಾರ ಇಲ್ಲಿ ಹೇಳಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಸಮುದ್ರದ ಕಡೆಯಿಂದ ಟೊಪ್ಪಿಗೆಯವರ ದೊಡ್ಡ ಮೇಳವೊಂದು ದರಬಾರನ್ನು ಕಾಣಲು ಬಂದಿತ್ತು; ನಮ್ಮಲ್ಲಿ ರಾಜರನ್ನೂ ದರಬಾರು ಎಂದೇ ಕರೆಯುತ್ತೇವೆ. ಆಗಿನ ಚಿತ್ರಗಾರರು ಅವರನ್ನು ಕಣ್ಣಾರೆ ನೋಡಿ ಬರೆದರು. ಆ ಮೇಲೆ ಯಾರೂ ನೋಡುವ ಗೋಜಿಗೆ ಹೋಗಲಿಲ್ಲ. ಅದೇ ಚಿತ್ರವನ್ನು ಜಿಂಕೆಯ ತೆಳು ಚರ್ಮದ ಮೇಲೆ ಇಳಿಸಿಕೊಂಡು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಖಾಕಾ ಮಾಡಿಟ್ಟುಕೊಂಡರು. ಖಾಕಾವನ್ನು ಕಾಗದದ ಮೇಲಿಟ್ಟು ಇದ್ದಿಲು ಪುಡಿಯ ಗಂಟಿನಿಂದ ತಟ್ಟಿದರೆ ಸಾಕು, ಕೆಳಗೆ ಚುಕ್ಕಿಚುಕ್ಕಿಯಾಗಿ ಪರಂಗಿ ಮೂಡುತ್ತಾನೆ: ಅಗಲ ಟೊಪ್ಪಿಗೆ, ಗುಂಗುರು ಕೂದಲು, ಕೆಂಪು ಮೂಗು, ಕೈಯಲ್ಲಿ ಬಟ್ಟಲು, ಕಾಲ ಬಳಿ ಒಂದು ಪುಟ್ಟ ನಾಯಿ. ಠಾಕೂರರಿಗೆ ಇದೊಂದು ಮೋಜು. ಮಲಗುವ ಕೋಣೆಯ ಗೋಡೆಯ ತುಂಬ ಪರಂಗಿಯವರನ್ನು ಬರೆಸಿಕೊಂಡು ನಗುತ್ತಿದ್ದರು. ನೂರು ಪರಂಗಿಯವರಿಗೆ ಒಂದೇ ಮುಖ.

ಸ್ವಂತ ಮುಖ ಎಂಬುದು ನಮ್ಮಲ್ಲಿ ಎಲ್ಲರಿಗೂ ಸಿಗುವುದಲ್ಲ. ದರಬಾರಿನಲ್ಲಿ ಆಸನ ಇದ್ದವನಿಗೆ ಮಾತ್ರ ಅದು ಸಲ್ಲುತ್ತದೆ. ಅವನನ್ನು ನೋಡಿ ಬರೆಯುತ್ತೇವೆ, ಹಿಂಬದಿಯಲ್ಲಿ ಗುಮಾಸ್ತ ಅವನ ಹೆಸರು ಬರೆಯುತ್ತಾನೆ, ಚಿತ್ರ ಭಂಡಾರಕ್ಕೆ ಸೇರುತ್ತದೆ. ಆ ಮುಖವೂ ಪಕ್ಕದಿಂದಲೇ: ಒಂದು ಕಣ್ಣು, ಒಂದು ಕಿವಿ, ತಲೆಯ ಮೇಲೆ ಪಗಡಿ. ಪಗಡಿಯಿಲ್ಲದ ತಲೆ ಸೂತಕದ ತಲೆ, ಇಲ್ಲವೇ ಅಪರಾಧಿಯ ತಲೆ. ಅಂಥದ್ದನ್ನು ನಮ್ಮ ಚಿತ್ರಶಾಲೆ ಯಾವ ಮಾನವಂತನಿಗೂ ಬರೆದುದಿಲ್ಲ.

ಇಂದರಜೀ ಬಂದದ್ದು ಇಂಥ ಊರಿಗೆ. ಅವನ ನಿಜವಾದ ಹೆಸರು ಹೆಂಡ್ರಿಕ್ ಎಂದೇನೋ ಇತ್ತು, ನಮ್ಮ ನಾಲಿಗೆಗೆ ಅದು ಇಂದರಜೀ ಆಯಿತು. ಕೋಟೆಯ ತೋಪು, ಮದ್ದುಗುಂಡು ನೋಡಿಕೊಳ್ಳುವ ಕೆಲಸ. ಗಡ್ಡ ಬಿಟ್ಟ, ಪಗಡಿ ಸುತ್ತಿದ, ಜೋಳದ ರೊಟ್ಟಿಗೆ ಬೆಳ್ಳುಳ್ಳಿ ಚಟ್ನಿ ಹಚ್ಚಿಕೊಂಡು ಕಣ್ಣೀರು ಸುರಿಸುತ್ತ ತಿಂದ. ದೊಡ್ಡವರೊಡನೆ ಮಾತಾಡುವಾಗ ಹುಕುಂ ಎನ್ನಬೇಕೆಂದು ಯಾರೋ ಕಲಿಸಿದ್ದರು. ಯಾರು ದೊಡ್ಡವರು ಎಂದು ಕಲಿಸಿರಲಿಲ್ಲ. ಅವನು ಎಲ್ಲರಿಗೂ ಹುಕುಂ ಎನ್ನುತ್ತಿದ್ದ. ದಾರಿಗೆ ಅಡ್ಡ ನಿಂತ ಕತ್ತೆಗೂ "ಸ್ವಲ್ಪ ಸರೀರಿ ಹುಕುಂ" ಎಂದದ್ದನ್ನು ನಾನೇ ಕೇಳಿದ್ದೇನೆ.

ಒಂದು ಹವೇಲಿಯಲ್ಲಿ ನಾನೂ ಗೋಕಳನೂ ಗೋಡೆ ಬರೆಯುತ್ತಿದ್ದಾಗ ಅವನು ಬಂದೂಕು ದುರಸ್ತಿಗೆಂದು ಬಂದ. ಒದ್ದೆ ಬಣ್ಣದ ಪರಂಗಿಯ ಮುಂದೆ ನಿಂತುಬಿಟ್ಟ.

"ಇವರು ಯಾರು, ಹುಕುಂ?"

"ನೀವೇ," ಎಂದ ಗೋಕಳ, ತಿರುಗಿ ನೋಡದೆ.

"ನಾನಾ? ನನ್ನ ಮೂಗು ಹೀಗಿದೆಯಾ ಹುಕುಂ?"

"ಪರಂಗಿಯವರ ಮೂಗು ಹೀಗೇ ಇರುತ್ತೆ."

"ನೀವು ಎಷ್ಟು ಜನ ಪರಂಗಿಯವರನ್ನ ಹತ್ತಿರದಿಂದ ನೋಡಿದ್ದೀರಿ?"

ಗೋಕಳ ಈಗ ತಿರುಗಿ ಅವನನ್ನು ಸರಿಯಾಗಿ ನೋಡಿದ. "ನಿಮ್ಮನ್ನ ಸೇರಿಸಿದ್ರೆ ಒಬ್ಬರು," ಎಂದ.

ಇಂದರಜೀ ನಕ್ಕ ನಗುವಿಗೆ ಹವೇಲಿಯ ಪಾರಿವಾಳಗಳೆಲ್ಲ ಎದ್ದವು. ಅಂದಿನಿಂದ ಇಬ್ಬರೂ ಉಗುರಿಗೆ ಚರ್ಮ ಅಂಟಿದಂತೆ ಅಂಟಿಕೊಂಡರು. ಜಗದೀಶ ಗುಡಿಯ ಹಿಂದಿನ ನಮ್ಮ ಓಣಿಗೆ ಅವನು ದಿನಾ ಸಂಜೆ ಬರತೊಡಗಿದ. ನಿನ್ನ ನಾಯಿ ಎಲ್ಲಿ, ನಿನ್ನ ನಾಯಿ ಎಲ್ಲಿ ಎಂದು ಓಣಿಯವರು ಕಾಡಿ ಕಾಡಿ, ಕೊನೆಗೆ ಅವನು ಬೀದಿಯ ಒಂದು ಬಡಕಲು ನಾಯಿಯನ್ನು ಸಾಕಿಕೊಂಡ. ದಾಖೂ ಅವನಿಗೆ ರಾಖಿ ಕಟ್ಟಿ ಬೀರಾ ಎಂದು ಕರೆದಳು. ನಮ್ಮಲ್ಲಿ ಅಣ್ಣನನ್ನು ಹಾಗೆ ಕರೆಯುತ್ತೇವೆ. ಅವನು ಓಣಿಯಲ್ಲಿ ಎಲ್ಲರಿಗೂ ಹುಕುಂ ಎಂದರೂ ಗೋಕಳನಿಗೆ ಮಾತ್ರ ಭಾಯಿ ಎನ್ನುತ್ತಿದ್ದ. ಆ ಒಂದು ವ್ಯತ್ಯಾಸ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಅವನು ಅಂಗಳದ ಬಾಗಿಲು ಮುಂದೆ ಮಾಡಿ ನಮ್ಮಿಬ್ಬರೆದುರು ಪಗಡಿ ತೆಗೆದ. ಎಡಗಿವಿಯ ಕೆಳಗಿನ ಅರ್ಧ ಇರಲಿಲ್ಲ, ಹರಿದುಹೋಗಿತ್ತು. ಸೂರತ್ತಿನಲ್ಲಿ ಟೊಪ್ಪಿಗೆಯವರ ವ್ಯಾಪಾರದ ಕೋಠಿಯೊಂದರಲ್ಲಿ ಸಿಪಾಯಿಯಾಗಿದ್ದನಂತೆ. ಜ್ವರ ಬಂದ ಹುಡುಗನೊಬ್ಬನನ್ನು ಬಿಸಿಲಿಗೆ ಕಟ್ಟಿ ಹೊಡೆಸುತ್ತಿದ್ದ ಅಧಿಕಾರಿಯ ಮೇಲೆ ಕೈ ಮಾಡಿದ. ಅಧಿಕಾರಿಯ ಒಂದು ಕಣ್ಣು ಹೋಯಿತು, ಇವನ ಅರ್ಧ ಕಿವಿ ಹೋಯಿತು, ಓಡಿಬಂದ.

"ಸಿಕ್ಕಿದ್ರೆ ನೇಣು, ಭಾಯಿ. ಅದಕ್ಕೆ ಎರಡನೇ ಮಾತಿಲ್ಲ," ಎಂದ.

"ಇಲ್ಲಿ ಯಾರು ಹಿಡೀತಾರೆ?" ಎಂದ ಗೋಕಳ.

ಆ ಮಾತು ಸುಳ್ಳಾಗಿರಲಿಲ್ಲ. ಕೋಠಿಯ ದೂತ ಎರಡು ಸಲ ಬಂದು, ಎಡಗಿವಿ ಹರಿದವನೊಬ್ಬ ನಿಮ್ಮಲ್ಲಿದ್ದಾನೆ, ಒಪ್ಪಿಸಿ ಎಂದು ಕೇಳಿದ್ದ. ಊರಿನಲ್ಲಿ ಆಗ ಐದು ಜನ ಪರಂಗಿಯವರು, ಐವರೂ ಗಡ್ಡ ಬಿಟ್ಟವರು, ಐವರೂ ಕಿವಿ ಮುಚ್ಚಿ ಪಗಡಿ ಸುತ್ತಿದವರು. ಶರಣು ಬಂದವನನ್ನು ಒಪ್ಪಿಸುವುದು ನಮ್ಮ ಮನೆತನದ ರೀತಿಯಲ್ಲ, ಬೇಕಿದ್ದರೆ ನೀವೇ ಗುರುತು ಹಿಡಿಯಿರಿ ಎಂದು ಪ್ರಧಾನರು ಹೇಳಿದರು. ಗುರುತು ಹಿಡಿಯಲು ಪಗಡಿ ತೆಗೆಸಬೇಕು. ಮೇವಾಡದಲ್ಲಿ ಒಬ್ಬ ಗಂಡಸಿಗೆ ಪಗಡಿ ತೆಗೆ ಎಂದವನು ಹಲ್ಲು ಸಮೇತ ಮನೆಗೆ ಹೋಗುವುದಿಲ್ಲ. ದೂತ ಎರಡು ಸಲವೂ ಬಂದ ದಾರಿಗೆ ಸುಂಕವಿಲ್ಲದೆ ಹೋದ. ಹೀಗೆ ಏಳು ವರ್ಷ ಕಳೆಯಿತು.

ಆ ವರ್ಷ ಮಾಘದಲ್ಲಿ ಜೀವಾಜೀ ಗೋಕಳನನ್ನು ಕಿಟಕಿಯ ಬಳಿಗೆ ಕರೆದ. ನಾನು ಪಕ್ಕದಲ್ಲೇ ಕೂತು ಚಿತ್ರದ ಬೆನ್ನಿಗೆ ನುಣುಪುಕಲ್ಲು ಉಜ್ಜುತ್ತಿದ್ದೆ.

"ನಿನ್ನ ಇಂದರಜೀಗೆ ದರಬಾರಿನಲ್ಲಿ ಆಸನ ಕೊಡ್ತಾರೆ," ಎಂದ ಜೀವಾಜೀ. "ಗಂಗೌರ್ ಹಬ್ಬದ ದಿನ ಸಾರ್ತಾರೆ. ಅಲ್ಲೀವರೆಗೆ ಬಾಯಿ ಬಿಡಬೇಡ. ಅವನ ಮುಖ ಬರಿಬೇಕು ನೀನು. ಖಾಕಾ ಬೇಡ, ನೋಡಿ ಬರಿ."

ಗೋಕಳನ ಮುಖ ಅರಳಿದ್ದನ್ನು ಏನು ಹೇಳಲಿ. ಆಸನ ಸಿಕ್ಕವನು ದರಬಾರಿನ ಮನುಷ್ಯ. ಅವನ ಮೈ ಮುಟ್ಟುವುದೆಂದರೆ ದರಬಾರಿನ ಮೈ ಮುಟ್ಟಿದಂತೆ. ಇನ್ನು ಯಾವ ಕೋಠಿಯೂ ಅವನನ್ನು ಕೇಳುವಂತಿಲ್ಲ.

"ಪಕ್ಕದಿಂದ ಬೇಡ," ಎಂದ ಜೀವಾಜೀ. "ಎದುರು ಮುಖ. ಎರಡು ಕಿವೀನೂ ಕಾಣಬೇಕು."

"ಎರಡು ಕಿವಿ ಯಾಕೆ, ಆನೆನಾ ಅವನು?" ಎಂದೆ ನಾನು. ಇಂಥದ್ದಕ್ಕೆ ಜೀವಾಜೀ ಸಾಮಾನ್ಯವಾಗಿ ನಗುವವನು. ಅಂದು ನಗಲಿಲ್ಲ.

"ಮತ್ತೆ, ಪಗಡಿ ಇಲ್ದೆ ಬರಿ."

ಗೋಕಳ ಬೆಚ್ಚಿದ. "ಬರಿತಲೆನಾ? ಆಸನದವನಿಗೆ?"

"ಅವರ ದೇಶದಲ್ಲಿ ದೊಡ್ಡವರ ಮುಂದೆ ತಲೆ ಮೇಲಿಂದು ತೆಗೆಯೋದೇ ಮರ್ಯಾದೆ ಕಣೋ. ಅವನ ರೀತೀಲೇ ಅವನನ್ನ ನೋಡಬೇಕು ಅಂತ ದರಬಾರಿನ ಇಚ್ಛೆ. ನಾನು ಹೇಳ್ತಾ ಇದ್ದೀನಲ್ಲ."

ಕಾಕಾ ಹೇಳಿದ ಮೇಲೆ ಆಯಿತು. ಮನೆಗೆ ಹೋಗುವ ದಾರಿಯಲ್ಲಿ ನಾನು ಕೆಣಕಿದೆ: ನಲವತ್ತು ಸಾವಿರ ಚಿತ್ರಗಳಿರುವ ಭಂಡಾರದಲ್ಲಿ ಒಂದಾದರೂ ಬರಿತಲೆಯ ಸರದಾರ ಇದ್ದಾನೇನೋ? ಬೇಕಾದರೆ ಬರಿ, ಕಿವಿಯನ್ನು ಮಾತ್ರ ಪೂರ್ತಿ ಮಾಡಿ ಬರಿ. ಅವನು ನನ್ನನ್ನು ನೋಡಿದ ರೀತಿಗೆ ನಾನೇ ತಪ್ಪು ಮಾಡಿದವನಂತೆ ಆಯಿತು.

"ಕಾಕಾ ಕೈಗೆ ಸುಳ್ಳು ಮುಖ ಕೊಡಲಾ, ಟೇಕಾ? ನನ್ನ ಕೈ ಹಾಗೆ ಬರೆಯಲ್ಲ," ಎಂದ.

ನಾನು ಹಿಡಿದ ಹಠ ಬಿಡದೆ ಇನ್ನೊಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಈ ವಯಸ್ಸಿನಲ್ಲೂ ಅದು ನನ್ನನ್ನು ಕುಟುಕುತ್ತದೆ.

ಇಂದರಜೀಗೆ ಇದು ಇಷ್ಟವಿರಲಿಲ್ಲ. ಗೋಕಳ ಬಾಯಿ ಬಿಡಬಾರದೆಂಬ ಮಾತನ್ನು ಅವನ ಮಟ್ಟಿಗೆ ಮುರಿದು, ಆಸನದ ಸಂಗತಿಯನ್ನೆಲ್ಲ ಹೇಳಿದ. ಕೇಳಿ ಇಂದರಜೀ ನಾಯಿಯ ಬೆನ್ನು ಕೆರೆಯತೊಡಗಿದ.

"ಬೇಡ ಭಾಯಿ. ಕೆಂಪು ಮೂಗು, ಟೊಪ್ಪಿಗೆ, ಅದನ್ನೇ ಬರಿ. ಅದರೊಳಗೆ ನಾನು ಕ್ಷೇಮವಾಗಿದ್ದೀನಿ."

"ಚಿತ್ರಭಂಡಾರದಿಂದ ಒಂದು ಹಾಳೆ ಹೊರಗೆ ಹೋಗಲ್ಲ. ಬೀಗದ ಕೈ ಇರೋದು ಜೀವಾ ಕಾಕಾ ಹತ್ತಿರ. ನನ್ನನ್ನ ಸಾಕಿದ ಕೈ ಅದು."

"ನೀನು ನಂಬ್ತೀಯಾ?"

"ನನ್ನ ಕುಂಚದಾಣೆ."

"ಹಾಗಾದ್ರೆ ಸರಿ. ನಾನು ನಿನ್ನನ್ನ ನಂಬ್ತೀನಿ," ಎಂದ ಇಂದರಜೀ, ಪಗಡಿಗೆ ಕೈ ಹಾಕಿದ.

ಆರು ಮಧ್ಯಾಹ್ನ ಅವನು ಅಂಗಳದಲ್ಲಿ ಬರಿತಲೆಯಲ್ಲಿ ಕೂತ. ದಾಖೂ ಅತ್ತ ನೋಡಲಾರದೆ ಮುಖ ತಿರುಗಿಸಿಕೊಂಡೇ ರಾಬಡಿಯ ಬಟ್ಟಲು ತಂದಿಡುವಳು. "ಸೂತಕದ ಮನೆ ಕಂಡ ಹಾಗೆ ಕಾಣ್ತಾ ಇದೆ ಬೀರಾ, ಬೇಗ ಮುಗಿಸ್ಕೊಳ್ಳಿ," ಎನ್ನುವಳು. ಗೋಕಳ ಬರೆಯುತ್ತಲೇ ಇರುತ್ತಿದ್ದ. ಅವನ ತುಟಿ ಒಂದು ದಿನ ಹಳದಿ, ಒಂದು ದಿನ ನೀಲಿ. ಚಿತ್ರದ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬರೆದ, ನಮ್ಮಲ್ಲಿ ಹಾಗೆಯೇ.

ಆ ಚಿತ್ರವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಗೈ ಎರಡರಷ್ಟು ಅಗಲ. ಬಿಸಿಲಿಗೆ ಒಣಗಿದ ಹುಲ್ಲಿನ ಬಣ್ಣದ ಕೂದಲು, ಹಣೆಯ ಮೇಲೆ ಪಗಡಿ ಕೂತು ಕೂತು ಬಿದ್ದ ಬಿಳಿ ಗೆರೆ, ನಗು ಬರುವ ಮುಂಚಿನ ತುಟಿ, ಹರಿದ ಕಿವಿ. ಆ ಕಿವಿಯನ್ನು ಗೋಕಳ ಎಷ್ಟು ಮಮತೆಯಿಂದ ಬರೆದಿದ್ದನೆಂದರೆ ನೋಡಿದರೆ ನನ್ನ ಕಿವಿಯೇ ನೋಯುವಂತಿತ್ತು. ನಮ್ಮ ಚಿತ್ರಶಾಲೆಯಲ್ಲಿ ಪರಂಗಿಯವನೊಬ್ಬ ಮನುಷ್ಯನಾಗಿ ಮೂಡಿದ್ದು ನನಗೆ ತಿಳಿದಂತೆ ಅದೇ ಮೊದಲು. ಜೀವಾಜೀ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಗೋಕಳನ ಬೆನ್ನು ತಟ್ಟಿ, "ನಿನ್ನ ಅಪ್ಪ ಇದ್ದಿದ್ರೆ ಕುಣೀತಿದ್ದ," ಎಂದು ಹೇಳಿ ಒಯ್ದ.

ಹಿಂಬದಿಯ ಹೆಸರನ್ನು ನೋಡಬೇಕೆಂದು ಗೋಕಳನಿಗೆ ಆಸೆ. ತನ್ನದಲ್ಲ, ಇಂದರಜೀಯದು. ಹೋಳಿ ಹಬ್ಬಕ್ಕೆ ಮುಂಚೆ ಭಂಡಾರದ ಗುಮಾಸ್ತನ ಬಳಿಗೆ ಹೋಗಿ ಕೇಳಿದ. ಗುಮಾಸ್ತ ಮೂರು ಗಂಟು ಬಿಚ್ಚಿ ನೋಡಿದ.

"ಅಂಥ ಚಿತ್ರ ಇಲ್ಲಿಗೆ ಬಂದೇ ಇಲ್ಲವಲ್ಲೋ."

ಗೋಕಳ ಬಂದು ನನಗೆ ಹೇಳಿದ. "ಮೊದಲು ಇಂದರಜೀಗೆ ಹೇಳು. ಊರು ಬಿಡ್ಲಿ ನಾಕು ದಿನ," ಎಂದೆ. ಅವನು ತಲೆಯಾಡಿಸಿದ. ಹೋದದ್ದು ಮಾತ್ರ ಜೀವಾಜೀಯ ಮನೆಗೆ. ಏನೇ ಆದರೂ ಮೊದಲು ಆ ಮನೆಗೆ ಓಡುವುದು ಆರನೇ ವಯಸ್ಸಿನಿಂದ ಬಂದ ಚಾಳಿ.

ಜೀವಾಜೀ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ತಟ್ಟೆಯ ಚೂರ್ಮಾ ತಿನ್ನಿಸಿದನಂತೆ. "ಹುಚ್ಚಪ್ಪ. ಚಿತ್ರ ದರಬಾರಿನ ಮಲಗೋ ಮನೇಲಿದೆ. ದಿನಾ ನೋಡ್ತಾರಂತೆ. ಗಂಗೌರ್ ಆದ ಮೇಲೆ ಭಂಡಾರಕ್ಕೆ ಬರುತ್ತೆ. ಅವನ ಕಿವಿಗೆ ಇದೆಲ್ಲಾ ಹಾಕಿ ಹೆದರಿಸಬೇಡ, ಆಸನ ಕೊಡೋ ಹೊತ್ತಿಗೆ ಅವನು ಊರಲ್ಲಿಲ್ದೆ ಹೋದ್ರೆ ದರಬಾರಿಗೆ ಅವಮಾನ."

ಗೋಕಳ ಹಗುರಾಗಿ ಹಿಂತಿರುಗಿದ. ಇಂದರಜೀಗೆ ಏನೂ ಹೇಳಲಿಲ್ಲ. ಹೋಳಿಯ ದಿನ ಮೂವರೂ ಮುತ್ತುಗದ ಹೂವಿನ ನೀರಿನಲ್ಲಿ ನೆನೆದು, ಅಂಗೈಯಲ್ಲಿ ಅಫೀಮಿನ ನೀರು ಕುಡಿದು, ಹಾಡು ಬಾರದ ಗೋಕಳನಿಂದ ಹಾಡಿಸಿ ನಕ್ಕೆವು. ಅಷ್ಟರಲ್ಲಿ ಆ ಚಿತ್ರ ಸೂರತ್ತಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಅವನ ಜೊತೆ ಉಂಡವರು, ಮಲಗಿದವರು ನೋಡಿ ಹೌದು ಇವನೇ ಎನ್ನುತ್ತಿದ್ದರು. ನಮಗೇನು ಗೊತ್ತು.

ಗಂಗೌರ್‌ಗೆ ನಾಲ್ಕು ದಿನವಿತ್ತು. ಓಣಿಯ ಹೆಂಗಸರು ಗೌರಿಯ ಮಣ್ಣಿನ ಗೊಂಬೆಗೆ ಬಣ್ಣ ಹಚ್ಚುತ್ತಿದ್ದರು. ಸೂರತ್ತಿನಿಂದ ಹೊಸ ತೋಪುಗಳು ಬಂದಿವೆ, ಸೂರಜಪೋಳ ಬಾಗಿಲಿನ ಹೊರಗಿನ ಮಾವಿನ ಮರಗಳ ಕೆಳಗೆ ಇಳಿಸಿದ್ದಾರೆ, ಹೋಗಿ ನೋಡಿ ಒಪ್ಪಿಸಿಕೊಂಡು ಬಾ ಎಂದು ಇಂದರಜೀಗೆ ಅಪ್ಪಣೆಯಾಯಿತು. ಸೂರತ್ತು ಎಂದೊಡನೆ ಅವನು ಹಿಂಜರಿದ. ತಂದವರು ಬರಿ ಗಾಡಿಯವರು ಎಂದು ಪ್ರಧಾನರ ಮನುಷ್ಯ ಹೇಳಿದ. ಬೆಳಿಗ್ಗೆ ಅವನು ನಮ್ಮ ಓಣಿಗೆ ಬಂದು, ಕೇಸರಿ ಬಣ್ಣದ ಹೊಸ ಪಗಡಿ ತೋರಿಸಿ, "ಬನ್ನಿ, ನಿಮಗೆ ನನ್ನ ಆನೆ ತೋರಿಸ್ತೀನಿ ಹುಕುಂ," ಎಂದು ನನ್ನನ್ನು ಎಬ್ಬಿಸಿದ. ಗೋಕಳನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದ. ನಾಯಿ ಹಿಂದೆ ಬಂತು.

ತೋಪುಗಳು ನಿಜವಾಗಿಯೂ ಇದ್ದವು, ಹನ್ನೆರಡು, ಹೊಚ್ಚ ಹೊಸವು. ಅವುಗಳ ಹಿಂದೆ ಇಪ್ಪತ್ತು ಜನ ಬಂದೂಕಿನವರೂ ಇದ್ದರು. ಟೊಪ್ಪಿಗೆಯ ಅಧಿಕಾರಿಯೊಬ್ಬ ಮುಂದೆ ಬಂದು ಮೇಣದ ಬಟ್ಟೆಯ ಸುರುಳಿಯಿಂದ ಒಂದು ಹಾಳೆ ತೆಗೆದ. ಹಾಳೆಯನ್ನು ನೋಡಿದ, ಇಂದರಜೀಯನ್ನು ನೋಡಿದ, ಮತ್ತೆ ಹಾಳೆಯನ್ನು ನೋಡಿದ. ಆಮೇಲೆ ಅದನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿದ.

ಗೋಕಳನ ಗಂಟಲಿನಿಂದ ಬಂದ ಸದ್ದನ್ನು ಏನೆಂದು ಹೇಳಬೇಕೋ ನನಗೆ ತಿಳಿಯದು. ಮುಂದೆ ನುಗ್ಗಿದವನನ್ನು ಬಂದೂಕಿನ ಹಿಡಿಯಿಂದ ನೂಕಿ ಕೆಡವಿದರು. ನನ್ನ ಕಾಲು ಮಾತ್ರ ಕದಲಲಿಲ್ಲ. ನಾನು ಹೇಡಿ, ಅದನ್ನು ಮುಚ್ಚಿಡುವುದಿಲ್ಲ.

ಇಂದರಜೀ ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದ. ಹವೇಲಿಯಲ್ಲಿ ಕೆಂಪು ಮೂಗಿನ ಪರಂಗಿಯ ಮುಂದೆ ನಿಂತ ಹಾಗೆಯೇ ನಿಂತ. ಹಣೆಯ ಗೆರೆ ನೋಡಿದ, ಕಿವಿ ನೋಡಿದ. ಆ ಕಿವಿಯನ್ನು ಈ ಊರಿನಲ್ಲಿ ಕಂಡಿದ್ದವರು ಮೂರು ಜನ. ಬರೆಯಬಲ್ಲವನು ಒಬ್ಬ. ಯಾರೂ ಅವನ ಪಗಡಿಗೆ ಕೈ ಹಾಕಲಿಲ್ಲ, ಅವನೇ ಎರಡು ಕೈಯಲ್ಲಿ ಎತ್ತಿ ತೆಗೆದ. ನೆಲದಲ್ಲಿ ಬಿದ್ದಿದ್ದ ಗೋಕಳನ ಮುಂದೆ ಅದನ್ನು ಇಟ್ಟ.

"ಚೆನ್ನಾಗಿ ಬಂದಿದೆ, ಹುಕುಂ," ಎಂದ.

ಭಾಯಿ ಎಂದು ಕರೆಯತೊಡಗಿದ ಮೇಲೆ ಒಂದು ಸಲವೂ ಗೋಕಳನಿಗೆ ಹುಕುಂ ಅಂದಿರಲಿಲ್ಲ. ಗೋಕಳ "ಭಾಯಿ, ನಾನಲ್ಲ, ನನಗೆ ಗೊತ್ತಿರಲಿಲ್ಲ," ಎಂದು ಕೂಗುತ್ತಲೇ ಇದ್ದ. ಒಂಟೆಯ ಮೇಲೆ ಕೂರಿಸಿ ಕೈ ಕಟ್ಟುವಾಗಲೂ ಇಂದರಜೀ ತಿರುಗಿ ನೋಡಲಿಲ್ಲ. ಕೇಳಿಸಿತೋ, ಕೇಳಿಸಿಯೂ ನಂಬಲಿಲ್ಲವೋ. ನಾನು ಅವನ ಜಾಗದಲ್ಲಿದ್ದರೆ ನಂಬುತ್ತಿರಲಿಲ್ಲ.

ದರಬಾರಿನ ಹೆಸರಿಗೆ ಕಳಂಕ ಬರಲಿಲ್ಲ. ನಾವು ಒಪ್ಪಿಸಲಿಲ್ಲ, ಊರ ಬಾಗಿಲಿನ ಹೊರಗೆ ಅವರೇ ಗುರುತು ಹಿಡಿದು ಒಯ್ದರು ಎಂದು ಅರಮನೆಯಲ್ಲಿ ಹೇಳಿಕೊಂಡರು. ಮರಾಠರ ಕಾಟಕ್ಕೆ ಹನ್ನೆರಡು ತೋಪು ಬೇಕಿತ್ತು, ಸಿಕ್ಕಿತು. ಪಗಡಿ ತೆಗೆಸುವ ಕೆಲಸವನ್ನು ಒಂದು ಕುಂಚದಿಂದ ಮಾಡಿಸಿದರು.

ಗೋಕಳ ಪಗಡಿಯನ್ನು ಎದೆಗೊತ್ತಿಕೊಂಡು ನೇರವಾಗಿ ಜೀವಾಜೀಯ ಮನೆಗೆ ನಡೆದ. ನಾನೂ ಹೋದೆ. ಜೀವಾಜೀ ಒಳಬಾಗಿಲಿನಲ್ಲಿ ಕೂತು ಚಿಪ್ಪಿನಲ್ಲಿ ಬಣ್ಣ ತೇಯುತ್ತಿದ್ದ. ತಲೆ ಎತ್ತಲಿಲ್ಲ.

"ಕಾಕಾ, ನಿಮಗೆ ಗೊತ್ತಿತ್ತಾ?"

"ಸೂರತ್ತಿನವರು ಹುಡುಕೋದು ಇವನನ್ನೇ ಅಂತ ಪ್ರಧಾನರಿಗೆ ಅನುಮಾನ ಇತ್ತು, ಚಿತ್ರ ಕೇಳಿದ್ರು. ಇಲ್ಲ ಅನ್ನೋಕೆ ನಾನು ಯಾರು?"

"ಗೊತ್ತಿತ್ತಾ?"

"ಗೊತ್ತಿತ್ತು." ತೇಯುವುದನ್ನು ನಿಲ್ಲಿಸಿದ. "ಪರಂಗಿಯವನೋ ಅವನು. ಎಲ್ಲಿಂದಲೋ ಬಂದ, ಎಲ್ಲಿಗೋ ಹೋದ. ನಾವು ನಾಳೇನೂ ಇಲ್ಲೇ ಇರಬೇಕು. ಚಿತ್ರಶಾಲೆ ನಡೀಬೇಕು."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ಬರೀತಿದ್ಯಾ?"

ಗೋಕಳ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಬರಿತಲೆ ಅಂದಾಗಲೇ ನನಗೆ ಹೊಳೀಬೇಕಿತ್ತು, ಕಾಕಾ. ಟೇಕಾಗೆ ಹೊಳೀತು, ದಾಖೂಗೆ ಹೊಳೀತು. ನನಗೆ ಹೊಳೀಲಿಲ್ಲ, ಯಾಕೆಂದ್ರೆ ಹೇಳಿದವರು ನೀವು. ಬೇರೆ ಯಾರಾದ್ರೂ ಹೇಳಿದ್ರೆ ಅವರ ಮುಖಕ್ಕೆ ಉಗೀತಿದ್ದೆ. ಚೂರ್ಮಾ ತಿನ್ನಿಸಿ ಕಳಿಸಿದ್ರಲ್ಲ ಅವತ್ತು. ನಂಬಿಸಿ ಕತ್ತು ಕೊಯ್ದ್ರಿ, ಅದೂ ನನ್ನ ಕೈಯಲ್ಲೇ ಅವನ ಕತ್ತು ಕೊಯ್ಸಿದ್ರಿ."

ಜೀವಾಜೀ ಮತ್ತೆ ಬಣ್ಣ ತೇಯತೊಡಗಿದ. ಅವನ ಕೈ ನಡುಗುತ್ತಿತ್ತು ಎಂದು ಹೇಳಿದರೆ ಯಾರಿಗಾದರೂ ಕನಿಕರ ಬಂದೀತು, ಅದಕ್ಕೇ ಹೇಳುತ್ತೇನೆ: ನಡುಗುತ್ತಿರಲಿಲ್ಲ.

ಮನೆಯಲ್ಲಿ ದಾಖೂ ಪಗಡಿಯನ್ನು ನೋಡಿದಳು. ನಾನು ನಡೆದದ್ದನ್ನು ಹೇಳಿದೆ. "ಬೇಡ ಅಂದಿದ್ನಲ್ಲ ಬೀರಾ," ಎಂದು ಇಷ್ಟೇ ಹೇಳಿ ಒಳಗೆ ಹೋದಳು. ಆ ಮೇಲೆ ಗಂಡನೊಡನೆ ಮಳೆಗಾಲ ಮುಗಿಯುವವರೆಗೆ ಮಾತಾಡಲಿಲ್ಲ. ಮಳೆಗೆ ಮುಂಚೆಯೇ ಒಂಟೆಯವನೊಬ್ಬ ಸುದ್ದಿ ತಂದಿದ್ದ: ಕೋಠಿಯ ಅಂಗಳದಲ್ಲೇ ನೇಣು ಹಾಕಿದರಂತೆ. ಚಿತ್ರ ಚೆನ್ನಾಗಿತ್ತೆಂದು ಅಧಿಕಾರಿಯೊಬ್ಬ ಇಟ್ಟುಕೊಂಡನಂತೆ.

ಗಂಗೌರ್ ದಿನ ಆಸನ ಸಿಕ್ಕಿದ್ದು ಜೀವಾಜೀಗೆ. ಚಿತ್ರಗಾರನೊಬ್ಬನಿಗೆ ಆಸನ ಸಿಕ್ಕಿದ್ದು ನಮ್ಮ ಓಣಿಯಲ್ಲೇ ಮೊದಲು. ಆಸನ ಸಿಕ್ಕವನ ಮುಖ ಬರೆಯಬೇಕು. ಬರೆಯಬೇಕಾದವನು ಗೋಕಳ. ಜೀವಾಜೀ ಹೊಸ ಪಗಡಿ ಸುತ್ತಿಕೊಂಡು, ಪಕ್ಕಕ್ಕೆ ತಿರುಗಿ, ಅವನೆದುರು ಕೂತ. ಇಡೀ ಚಿತ್ರಶಾಲೆ ಕುಂಚ ಕೆಳಗಿಟ್ಟು ನೋಡುತ್ತಿತ್ತು. ಗೋಕಳ ಅವನನ್ನು ಬಹಳ ಹೊತ್ತು ನೋಡಿದ.

"ಕಾಕಾ, ನಿಮ್ಮ ಮುಖ ನನಗೆ ಕಾಣಿಸ್ತಾ ಇಲ್ಲ," ಎಂದು ಎದ್ದು ಹೋದ.

ಆ ಚಿತ್ರವನ್ನು ಬೇರೆ ಯಾರೋ ಬರೆದರು, ಹೋಲುವುದಿಲ್ಲ. ಗೋಕಳ ಮತ್ತೆ ಯಾವ ಸರದಾರನ ಮುಖವನ್ನೂ ಬರೆಯಲಿಲ್ಲ. ಮುಖದ ಕೆಲಸ ಹೋಯಿತು, ಗೋಡೆಯ ಕೆಲಸ ಉಳಿಯಿತು. ಹಳ್ಳಿಯ ಠಾಕೂರರ ಹವೇಲಿಗಳಿಗೆ ಹೋಗಿ ಪರಂಗಿಯವರನ್ನು ಬರೆದು ಬರುತ್ತಿದ್ದ. ಇಂದರಜೀಯ ನಾಯಿ ಅವನ ಹಿಂದೆ ಹೋಗುತ್ತಿತ್ತು.

ಎರಡು ವರ್ಷದ ಮೇಲೆ ಒಂದು ಹವೇಲಿಯಲ್ಲಿ ನನಗೆ ಆನೆಯ ಕೆಲಸ ಬಂತು. ಅವನು ಬರೆದ ಕೋಣೆಗೆ ಕಾಲಿಟ್ಟೆ. ಗೋಡೆಯ ತುಂಬ ಹದಿನಾಲ್ಕು ಪರಂಗಿಯವರು, ಅದೇ ಟೊಪ್ಪಿಗೆ, ಅದೇ ಗುಂಡಿ ಹಾಕಿದ ಅಂಗಿ, ಅದೇ ಬಟ್ಟಲು. ಟೊಪ್ಪಿಗೆಯನ್ನು ಮಾತ್ರ ಎಲ್ಲರಿಗೂ ಎಡಗಿವಿಯ ಮೇಲೆ ಎಳೆದು ಮುಚ್ಚಿದ್ದ. ಕೆಂಪು ಮೂಗು ಇರಲಿಲ್ಲ. ಬಲಗಡೆ ಮೈಗೆ ಹೊಂದದ ದೊಡ್ಡ ಕಿವಿ. ಎಡಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೀಟು. ಹದಿನಾಲ್ಕು ಜನರಿಗೂ ಗೋಕಳನ ಮುಖ.

ಠಾಕೂರ ಗಮನಿಸಿರಲಿಲ್ಲ. ಪರಂಗಿಯ ಮುಖವನ್ನು ಯಾರು ನೋಡುತ್ತಾರೆ. ಊರಿಗೆ ಬಂದವನೇ ಗೋಕಳನನ್ನು ಹಿಡಿದು ಕೇಳಿದೆ.

"ಏನೋ ಇದು? ಎಲ್ಲಾ ಗೋಡೆ ಮೇಲೂ ನೀನೇ ನಿಂತಿದ್ದೀಯ."

ಅವನು ಕುಂಚದ ಮೊನೆಯನ್ನು ತುಟಿಯಲ್ಲಿ ತಿದ್ದಿಕೊಂಡ. ಹಳದಿ.

"ಇನ್ನೊಂದು ಸಲ ಯಾರಾದ್ರೂ ಚಿತ್ರ ಹಿಡ್ಕೊಂಡು ಪರಂಗಿಯವನನ್ನ ಹುಡುಕ್ಕೊಂಡು ಬಂದ್ರೆ, ನನ್ನನ್ನೇ ಕಟ್ಕೊಂಡು ಹೋಗ್ಲಿ ಅಂತ," ಎಂದ.

ಹೀಗೆ ಹನ್ನೊಂದು ವರ್ಷ ಬರೆದ. ಮೇವಾಡದ ಗೋಡೆಗಳ ಮೇಲೆ ಎಷ್ಟು ಗೋಕಳರಿದ್ದಾರೋ ನಾನು ಎಣಿಸಿಲ್ಲ. ಹೊರಡುವ ಮುಂಚೆ ಪ್ರತಿ ಸಲವೂ ಆ ಕೇಸರಿ ಪಗಡಿಯನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಕೊಡವಿ, ಮತ್ತೆ ಇಡುತ್ತಿದ್ದ. ಅವನನ್ನು ಹಿಡಿಯಲು ಯಾರೂ ಬರಲಿಲ್ಲ.